ಗಜೇಂದ್ರಗಡದ ಗಡಿಶಿಬಿರ: ಸೇವೆಯೂ ಮಾಸಾಶನವೂ

ರಾಜ್ಯವು ನಿಯಮಪೂರ್ವಕವಾಗಿ ನೇಮಿಸಿ, ಸಮವಸ್ತ್ರ ತೊಡಿಸಿ, ತಿಂಗಳು ತಿಂಗಳಿಗೆ ಸಂಬಳ ಕೊಟ್ಟು ಪೋಷಿಸಿದ ಸೈನಿಕನು ವೃದ್ಧಾಪ್ಯದಲ್ಲಿ ಮಾಸಾಶನವನ್ನು ಅಪೇಕ್ಷಿಸಿದಾಗ, ತಾನು ಸೈನಿಕನಾಗಿದ್ದೆನೆಂಬುದನ್ನು ಸಾಧಿಸಿ ತೋರಿಸಬೇಕಾದ ಪ್ರಮೇಯವೇ ಅವನಿಗೆ ಒದಗುವುದಿಲ್ಲ. ಅವನು ಸೇರಿದ ದಿನ, ದುಡಿದ ಠಾಣ್ಯಗಳು, ಬಿಡುಗಡೆ ಹೊಂದಿದ ದಿನ ಎಲ್ಲವೂ ಪಲ್ಟನಿನ ದಫ್ತರದಲ್ಲಿ ಲಿಖಿತವಾಗಿರುತ್ತವೆ. ಆದರೆ ನೇಗಿಲನ್ನೋ ಮಗ್ಗವನ್ನೋ ಅಂಗಡಿಯ ತಕ್ಕಡಿಯನ್ನೋ ಬಿಟ್ಟೆದ್ದು, ಯಾರ ಆಜ್ಞಾಪತ್ರವನ್ನೂ ಕಾಯದೆ, ಕೆಲವು ತಿಂಗಳುಗಳ ಕಾಲ ಬಂದೂಕು ಹಿಡಿದು ಗಡಿಯನ್ನು ಕಾದು, ಕಾರ್ಯ ಮುಗಿದೊಡನೆ ಮತ್ತೆ ತನ್ನ ಕಸುಬಿಗೆ ಮರಳಿದವನ ಸೇವೆಯನ್ನು ಬರೆದಿಟ್ಟವರಾರು? ಮೂವತ್ತು ನಾಲ್ವತ್ತು ವರ್ಷಗಳ ತರುವಾಯ ಸರ್ಕಾರವು ಸದ್ಬುದ್ಧಿಯಿಂದಲೇ ಅಂಥವನನ್ನು ಗೌರವಿಸಲು ಹೊರಟಾಗ, ಅವನು ಏನನ್ನು ಮುಂದಿಟ್ಟು ತನ್ನ ಸೇವೆಯನ್ನು ರುಜುವಾತುಪಡಿಸಬೇಕು? 1947–48ರಲ್ಲಿ ಗಜೇಂದ್ರಗಡದ ಗಡಿಶಿಬಿರದಲ್ಲಿ ನಿಂತು ಹೈದರಾಬಾದ್ ಸಂಸ್ಥಾನದ ವಿಮೋಚನೆಗಾಗಿ ಹೋರಾಡಿದವರ ವೃತ್ತಾಂತದಲ್ಲಿ ಈ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಗೋಚರಿಸುತ್ತದೆ.

ಇಂದು ಗದಗ ಜಿಲ್ಲೆಯ ಒಂದು ತಾಲ್ಲೂಕಿನ ಕೇಂದ್ರವಾಗಿರುವ ಗಜೇಂದ್ರಗಡವು ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ರೋಣ ತಾಲ್ಲೂಕಿಗೆ ಸೇರಿದ ಊರಾಗಿತ್ತು. ಘೋರ್ಪಡೆಯವರ ಕೋಟೆ, ಗುಡ್ಡದ ಮೈಯಲ್ಲಿ ನೆಲಸಿದ ಕಾಲಕಾಲೇಶ್ವರ, ಕೇರಿಕೇರಿಗಳಲ್ಲಿ ಸದ್ದು ಮಾಡುತ್ತಿದ್ದ ಕೈಮಗ್ಗಗಳು: ಇವು ಊರಿನ ಗುರುತುಗಳು. ಪಶ್ಚಿಮಕ್ಕೆ ರೋಣದ ಎರೆಯ ಹೊಲಗಳು ಹಬ್ಬಿ ನರಗುಂದದ ಗುಡ್ಡದವರೆಗೂ ಸಾಗಿದರೆ, ಪೂರ್ವದಿಕ್ಕಿನಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೇರೊಂದು ರಾಜ್ಯವೇ ಆರಂಭವಾಗುತ್ತಿತ್ತು. ಕುಷ್ಟಗಿ, ಯಲಬುರ್ಗಾಗಳು ನಿಜಾಮನ ಆಳಿಕೆಯ ರಾಯಚೂರು ಜಿಲ್ಲೆಗೆ ಸೇರಿದ್ದವು. ಅವುಗಳಲ್ಲಿ ಯಲಬುರ್ಗಾ, ಅಂತೆಯೇ ದಕ್ಷಿಣದ ಕೊಪ್ಪಳ, ಸಾಲಾರ್ ಜಂಗ್ ಮನೆತನದ ಜಹಗೀರುಗಳಾಗಿದ್ದವು. ಈ ಕಡೆಯ ಜನ ಆ ಸೀಮೆಯನ್ನು ‘ಮೊಗಲಾಯಿ’ ಎಂದು ಕರೆಯುತ್ತಿದ್ದರು. ಗಡಿಯ ಎರಡೂ ಬದಿಗೆ ಒಂದೇ ಭಾಷೆ, ಒಂದೇ ಬೆಳೆ, ಒಂದೇ ಜಾತ್ರೆ. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಗಡಿಯನ್ನು ಲೆಕ್ಕಿಸುತ್ತಿರಲಿಲ್ಲ. ಲೆಕ್ಕಿಸುತ್ತಿದ್ದುದು ಸುಂಕದ ನಾಕೆ ಮಾತ್ರ.

ಪ್ರಜೆಗಳು ತಾವೇ ಆಯುಧ ಹಿಡಿಯುವುದು ಈ ಪ್ರದೇಶಕ್ಕೆ ಹೊಸತಾಗಿರಲಿಲ್ಲ. ಅಂಥ ಸೇವೆಗೆ ಪ್ರತಿಫಲ ಕೊಡುವ ಒಂದು ಪ್ರಾಚೀನ ಕ್ರಮವೂ ಇಲ್ಲಿ ರೂಢಿಯಲ್ಲಿತ್ತು. ಕಿತ್ತೂರು ಸೀಮೆಯಲ್ಲಿಯೂ ಅದರ ಸುತ್ತಣ ನಾಡಿನಲ್ಲಿಯೂ ‘ಶೇತಸನದಿ’ಗಳೆಂದು ಕರೆಯಿಸಿಕೊಳ್ಳುತ್ತಿದ್ದ ಗ್ರಾಮಯೋಧರು ಶಾಂತಿಕಾಲದಲ್ಲಿ ಒಕ್ಕಲುತನ ಮಾಡಿಕೊಂಡು, ಊರಿನ ಕಾವಲು ಕಾಯ್ದು, ಖಜಾನೆಯ ಹಣಕ್ಕೆ ಬೆಂಗಾವಲಾಗಿ ನಡೆದು, ಯುದ್ಧ ಒದಗಿದಾಗ ದೇಸಾಯಿಯ ದಂಡನ್ನು ಕೂಡಿಕೊಳ್ಳುತ್ತಿದ್ದರು. ಅವರಿಗೆ ನಗದು ಸಂಬಳವಿರಲಿಲ್ಲ. ಕಂದಾಯವಿಲ್ಲದೆ ಅಥವಾ ಜುಡಿಯೆಂಬ ಅಲ್ಪವಾದ ಕರವನ್ನು ಕೊಟ್ಟು ಅನುಭವಿಸುವ ಹೊಲವೇ ಅವರ ಸಂಬಳವಾಗಿತ್ತು. ಆ ಹೊಲವನ್ನು ಕೊಟ್ಟ ಸನದೆಂಬ ಪತ್ರವೇ ಅವರ ಸೇವೆಗೆ ಸಾಕ್ಷಿಯಾಗಿತ್ತು. ರಣದಲ್ಲಿ ಮಡಿದವನ ಮನೆಗೆ ರಕ್ತಮಾನ್ಯವೆಂದು ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಕುಟುಂಬದ ಮಾಸಾಶನವೇ.

ಸಂಗೊಳ್ಳಿ ರಾಯಣ್ಣನು ಇಂಥದೊಂದು ಶೇತಸನದಿಯ ಮನೆತನದವನು. 1824ರಲ್ಲಿ ಕಿತ್ತೂರು ಕಂಪನಿ ಸರ್ಕಾರದ ವಶವಾದ ಬಳಿಕ ಈ ಹೊಲಗಳ ಮೇಲೆ ಹೊಸ ಆಡಳಿತದ ದೃಷ್ಟಿ ಬಿದ್ದಿತು. ಕೆಲವನ್ನು ಮುಟ್ಟುಗೋಲು ಹಾಕಿಕೊಂಡರು, ಉಳಿದವುಗಳ ಮೇಲೆ ಕರ ಏರಿಸಿದರು. 1829–30ರಲ್ಲಿ ರಾಯಣ್ಣನು ಎಬ್ಬಿಸಿದ ಬಂಡಾಯಕ್ಕೆ ರಾಣಿ ಚೆನ್ನಮ್ಮನ ಸಂಸ್ಥಾನದ ಮೇಲಣ ನಿಷ್ಠೆಯು ಹೇಗೆ ಕಾರಣವೋ, ಸೇವೆಗೆಂದು ಕೊಟ್ಟ ನೆಲವನ್ನು ಸೇವೆಯ ನೆನಪೇ ಇಲ್ಲದವರು ಕಿತ್ತುಕೊಂಡರೆಂಬ ನೋವು ಕೂಡ ಹಾಗೆಯೇ ಕಾರಣವೆಂದು ನಾನು ತಿಳಿಯುತ್ತೇನೆ. ಆತನ ಹಿಂದೆ ನಡೆದವರಲ್ಲಿ ಹಲವರು ತಮ್ಮ ಹೊಲಗಳನ್ನು ಕಳೆದುಕೊಂಡವರಾಗಿದ್ದರೆಂಬುದನ್ನು ಮರೆಯಲಾಗದು. 1831ರ ಜನವರಿ 26ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು.

ನರಗುಂದದಲ್ಲಿ ಇದೇ ವ್ಯಥೆಯು ಮತ್ತೊಂದು ಅವಸ್ಥೆಯನ್ನು ತಳೆಯಿತು. 1852ರ ಹನ್ನೊಂದನೆಯ ಕಾಯಿದೆಯ ಆಧಾರದಿಂದ ಇನಾಂ ಆಯೋಗವು ತಲೆತಲಾಂತರದಿಂದ ಭೂಮಿಯನ್ನು ಅನುಭವಿಸುತ್ತಿದ್ದವರನ್ನೆಲ್ಲ ಕರೆದು, ನಿಮ್ಮ ಹಕ್ಕಿಗೆ ಪತ್ರವೆಲ್ಲಿ ಎಂದು ಕೇಳತೊಡಗಿತು. ರುಜುವಾತುಪಡಿಸುವ ಭಾರವೆಲ್ಲ ಹೊಲದವನ ಮೇಲೆ. ಪತ್ರವು ಗೆದ್ದಲು ತಿಂದುಹೋಗಿದ್ದರೂ ಲೂಟಿಯಲ್ಲಿ ಸುಟ್ಟುಹೋಗಿದ್ದರೂ ಹಕ್ಕು ಹೋದಂತೆಯೇ. ದತ್ತಕಕ್ಕೆ ಅನುಮತಿ ದೊರೆಯದ ನರಗುಂದದ ಭಾಸ್ಕರರಾಯ ಬಾಬಾಸಾಹೇಬನು 1858ರ ಮೇ ತಿಂಗಳ ಕೊನೆಯಲ್ಲಿ ದಂಗೆಯೆದ್ದಾಗ, ಸುರೇಬಾನದಲ್ಲಿ ರಾತ್ರಿ ಕೊಲ್ಲಲ್ಪಟ್ಟ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹಿಂದೆ ಅದೇ ಇನಾಂ ಆಯೋಗದ ಕಾರ್ಯದಲ್ಲಿ ಭಾಗಿಯಾಗಿದ್ದವನು. ಅದೇ ದಿನಗಳಲ್ಲಿ ಮುಂಡರಗಿಯ ಭೀಮರಾಯನು ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಗಡಿಯನ್ನು ದಾಟಿ ನಿಜಾಮನ ಸೀಮೆಯ ಕೊಪ್ಪಳದ ಕೋಟೆಯನ್ನು ಹಿಡಿದನು. ಜೂನ್ 1ರಂದು ಆ ಕೋಟೆ ಬಿದ್ದು ಆತನೂ ಮಡಿದನು. ನರಗುಂದದ ಕೋಟೆಯೂ ಆ ಹೊತ್ತಿಗೇ ಕರ್ನಲ್ ಮಾಲ್ಕಮನ ಕೈವಶವಾಯಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಭೀಮರಾಯನು ಹಾದುಹೋದ ಮುಂಡರಗಿ–ಕೊಪ್ಪಳಗಳ ನಡುವಣ ಆ ಗಡಿಯೇ ತೊಂಬತ್ತು ವರ್ಷಗಳ ಬಳಿಕ ಮತ್ತೊಮ್ಮೆ ಪ್ರಜೆಗಳ ಸೈನ್ಯಕ್ಕೆ ದಾರಿಯಾಯಿತು.

1947ರ ಜೂನ್ ತಿಂಗಳಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು ತನ್ನ ಸಂಸ್ಥಾನವು ಭಾರತವನ್ನಾಗಲಿ ಪಾಕಿಸ್ತಾನವನ್ನಾಗಲಿ ಸೇರದೆ ಸ್ವತಂತ್ರವಾಗಿ ಉಳಿಯುವುದೆಂದು ಘೋಷಿಸಿದನು. ಒಂದು ಕೋಟಿ ಅರವತ್ತು ಲಕ್ಷಕ್ಕೂ ಮಿಗಿಲಾದ ಪ್ರಜೆಗಳ ಆ ರಾಜ್ಯದಲ್ಲಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರು ಸೇರಿದ್ದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಮೂಲತಃ ನಮ್ಮ ಸಿಂದಗಿಯಲ್ಲಿ ಜನಿಸಿದವರು. ಅವರ ನೇತೃತ್ವದಲ್ಲಿ ಆಗಸ್ಟ್ 7ರಂದು ಭಾರತ ಒಕ್ಕೂಟವನ್ನು ಸೇರುವ ಚಳವಳಿ ಪ್ರಾರಂಭವಾಯಿತು. ನವೆಂಬರ್ 29ರಂದು ನಿಜಾಮನೂ ಭಾರತ ಸರ್ಕಾರವೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ರುಜು ಮಾಡಿದರೂ, ಕಾಸಿಂ ರಜ್ವಿಯ ನೇತೃತ್ವದ ರಜಾಕಾರರೆಂಬ ಖಾಸಗಿ ಪಡೆಯ ಹಾವಳಿ ಮಾತ್ರ ದಿನದಿನಕ್ಕೆ ಹೆಚ್ಚುತ್ತ ಹೋಯಿತು. ಊರುಗಳನ್ನು ಸುಲಿಯುವುದು, ದವಸದ ಲೆವಿಯ ನೆಪದಲ್ಲಿ ಹಗೇವುಗಳನ್ನು ಬರಿದು ಮಾಡುವುದು, ಎದುರು ನಿಂತವರನ್ನು ಕೊಲ್ಲುವುದು ಇವೆಲ್ಲ ನಡೆದು, 1948ರ ಬೇಸಗೆಯಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಸಾಮೂಹಿಕ ಹತ್ಯೆಯೇ ಸಂಭವಿಸಿತು. ಸಾವಿರಾರು ಸಂಸಾರಗಳು ಎತ್ತು ಬಂಡಿ ಕಟ್ಟಿಕೊಂಡು, ಮಕ್ಕಳನ್ನು ಹೊತ್ತುಕೊಂಡು, ಗಡಿಯನ್ನು ದಾಟಿ ಮುಂಬಯಿ, ಮದರಾಸು, ಮೈಸೂರು ಸೀಮೆಗಳ ಊರುಗಳಲ್ಲಿ ಆಶ್ರಯ ಪಡೆದವು.

ಗಡಿಶಿಬಿರಗಳು ಹುಟ್ಟಿಕೊಂಡುದು ಈ ಸನ್ನಿವೇಶದಲ್ಲಿ. ಸೊಲ್ಲಾಪುರದಿಂದ ಹಿಡಿದು ದಕ್ಷಿಣದವರೆಗೆ, ಸಂಸ್ಥಾನದ ಸುತ್ತಲೂ, ಭಾರತದ ನೆಲದ ಮೇಲೆ ನಿಂತು ಒಳಕ್ಕೆ ಹೋಗಿ ಹೋರಾಡಿ ಮರಳುವ ತರುಣರ ನೆಲೆಗಳು ಒಂದೊಂದಾಗಿ ಸ್ಥಾಪಿತವಾದವು. ಕನ್ನಡದ ಭಾಗದಲ್ಲಿ ಗದಗ ಈ ವ್ಯವಸ್ಥೆಯ ಮುಖ್ಯ ಕೇಂದ್ರವಾಯಿತು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಮುಂದೆ ಲೋಕಸಭೆಯ ಸದಸ್ಯರೂ ಆದವರು, ನಡೆಸಿದರು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ನಾಯಕರಾದರು. ಶಿಬಿರವನ್ನು ಸೇರಿದವರಲ್ಲಿ ಮೊಗಲಾಯಿಯಿಂದ ಓಡಿಬಂದವರೂ ಇದ್ದರು, ಈ ಕಡೆಯ ಹಳ್ಳಿಗಳ ಯುವಕರೂ ಇದ್ದರು. 1942ರ ಚಳವಳಿಯಲ್ಲಿ ಪಳಗಿದವರು ಕೆಲವರಾದರೆ, ಬಂದೂಕನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದವರು ಹಲವರು.

ಅವರ ಯುದ್ಧದ ಸ್ವರೂಪವನ್ನು ಯಥಾರ್ಥವಾಗಿ ಗ್ರಹಿಸದೆ ಮುಂದಣ ಮಾಸಾಶನದ ತೊಡಕನ್ನು ಗ್ರಹಿಸಲಾಗದು. ಅವರು ಬಯಲಿನಲ್ಲಿ ಸಾಲುಗಟ್ಟಿ ನಿಂತು ಕಾದಾಡುವ ದಂಡಾಗಿರಲಿಲ್ಲ. ಹಗಲು ಶಿಬಿರದಲ್ಲಿದ್ದು, ಕತ್ತಲಾದ ಮೇಲೆ ಹಳ್ಳದ ದಾರಿ ಹಿಡಿದು ಗಡಿಯನ್ನು ದಾಟಿ, ಸುಂಕದ ನಾಕೆಯ ಮೇಲೋ ಪೊಲೀಸ್ ಠಾಣೆಯ ಮೇಲೋ ಎರಗಿ, ಆಯುಧಗಳನ್ನು ಕಸಿದುಕೊಂಡು, ದಫ್ತರವನ್ನು ಸುಟ್ಟು, ಬೆಳಕು ಹರಿಯುವುದರೊಳಗೆ ಹಿಂದಿರುಗಬೇಕಾಗಿತ್ತು, ರಜಾಕಾರರು ಬರುವರೆಂಬ ಸುದ್ದಿ ಬಂದ ಹಳ್ಳಿಗೆ ಮೊದಲೇ ಹೋಗಿ ಜನರನ್ನು ಎಚ್ಚರಿಸಬೇಕಾಗಿತ್ತು, ಓಡಿಬರುವವರಿಗೆ ದಾರಿಗಾವಲಾಗಬೇಕಾಗಿತ್ತು, ನಿಜಾಮನ ಅಧಿಕಾರ ಕುಸಿದ ಹಳ್ಳಿಗಳಲ್ಲಿ ತಾವೇ ಪಹರೆ ನಿಲ್ಲಬೇಕಾಗಿತ್ತು. ಬಂದೂಕು ಹಿಡಿದವನೊಬ್ಬನಿಗೆ ಹಿನ್ನೆಲೆಯಲ್ಲಿ ಎಷ್ಟು ಜನ ಬೇಕಾಗುತ್ತಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಟ್ಟ ತಾಯಂದಿರು, ದಾರಿ ತೋರಿಸಿದ ಕುರುಬರು, ಸುದ್ದಿ ಒಯ್ದ ಬಂಡಿಯವರು, ಗಾಯಗೊಂಡವನನ್ನು ಹಿತ್ತಲ ಕೋಣೆಯಲ್ಲಿ ಮಲಗಿಸಿ ಬಾಗಿಲಿಕ್ಕಿಕೊಂಡ ಮನೆಯವರು, ಇವರಿಲ್ಲದೆ ಗಡಿಯ ಯುದ್ಧ ಒಂದು ವಾರವೂ ನಡೆಯುವಂತಿರಲಿಲ್ಲ. ಇವರಾರೂ ಮುಂದೆ ಅರ್ಜಿ ಹಾಕುವವರ ಸಾಲಿನಲ್ಲಿ ಕಾಣಿಸಿಕೊಳ್ಳಲಿಲ್ಲವೆಂದರೆ ತಪ್ಪಾಗದು.

ಇಂಥ ಯೋಧನ ಮೊದಲನೆಯ ಕೌಶಲವು ಯಾವುದು? ಸೆರೆ ಸಿಕ್ಕದೆ ಇರುವುದು. ಎರಡನೆಯದು, ಹೆಸರನ್ನು ಎಲ್ಲಿಯೂ ಬರೆಯಗೊಡದಿರುವುದು. ಗಡಿಯಾಚೆ ಅವನಿಗೆ ಹೊಲ, ಮನೆ, ತಂದೆತಾಯಿಗಳಿದ್ದರೆ, ಶಿಬಿರದ ಪಟ್ಟಿಯೊಂದು ಶತ್ರುವಿನ ಕೈಗೆ ಸಿಕ್ಕಿದರೆ ಆ ಮನೆಯು ಸುಟ್ಟು ಬೂದಿಯಾಗುವುದರಲ್ಲಿ ಸಂದೇಹವಿರಲಿಲ್ಲ. ಆದುದರಿಂದ ಬರೆಹವಿಲ್ಲದಿರುವುದು ಅಜಾಗ್ರತೆಯಿಂದ ಆದುದಲ್ಲ. ಅದು ಆ ಯುದ್ಧದ ಶಿಸ್ತಿನ ಭಾಗವೇ ಆಗಿತ್ತು.

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದಲ್ಲಿ ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಕದನವಿರಾಮವನ್ನು ಘೋಷಿಸಿದನು. ಮರುದಿನ ಅವನ ಸೇನಾಪತಿ ಶರಣಾದನು. ಪೊಲೀಸ್ ಕಾರ್ಯಾಚರಣೆಯೆಂದು ಪ್ರಸಿದ್ಧವಾದ ಈ ಐದು ದಿನಗಳ ಅಂತ್ಯದಲ್ಲಿ ಶಿಬಿರಗಳ ಪ್ರಯೋಜನವೂ ಮುಗಿಯಿತು. ಆ ಬಳಿಕ ಬೀದರ, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರು ಪ್ರತೀಕಾರಕ್ಕೆ ಗುರಿಯಾದರೆಂಬುದನ್ನು ಭಾರತ ಸರ್ಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿಯು ಕಂಡು ಬರೆಯಿತು. ವಿಮೋಚನೆಯ ಕೀರ್ತಿಯನ್ನು ಹೇಳುವವನು ಆ ದುಃಖವನ್ನು ಮರೆಮಾಚಬಾರದು. ಗಡಿಯನ್ನು ಕಾದ ಯೋಧನ ಗೌರವವು ಆ ಸತ್ಯವನ್ನು ಹೇಳುವುದರಿಂದ ಕಡಿಮೆಯಾಗುವುದಿಲ್ಲ.

ಶಿಬಿರವನ್ನು ಬಿಟ್ಟು ಮನೆಗೆ ಹೋದವರಿಗೆ ಬಿಡುಗಡೆಯ ಪತ್ರವನ್ನು ಕೊಟ್ಟವರಾರೂ ಇಲ್ಲ. 1949ರಲ್ಲಿ ಜಹಗೀರುಗಳು ರದ್ದಾದವು. ಯಲಬುರ್ಗಾ, ಕೊಪ್ಪಳಗಳ ಜಹಗೀರಿನ ದಫ್ತರಗಳು ಒಂದು ಕಡೆಗೆ ಹೋದವು. 1956ರ ನವೆಂಬರ್ 1ರಂದು ಗಡಿಯೇ ಅಳಿಸಿಹೋಗಿ ಕುಷ್ಟಗಿಯೂ ಗಜೇಂದ್ರಗಡವೂ ಒಂದೇ ಮೈಸೂರು ರಾಜ್ಯದ ಊರುಗಳಾದವು. ಇದಕ್ಕಿಂತ ಹೆಚ್ಚಿನ ಸಂತೋಷ ಯಾವ ಶಿಬಿರಾರ್ಥಿಗೂ ಇರಲಾರದು. ಆದರೆ ಅದೇ ಏಕೀಕರಣದ ಒಂದು ಪರಿಣಾಮವಾಗಿ ಅವನ ಸೇವೆಯ ಕುರುಹುಗಳು ಹಂಚಿಹೋದವು. ಅವನು ಹೋರಾಡಿದ ನೆಲದ ಕಾಗದಗಳು ಉರ್ದುವಿನಲ್ಲಿ ಬರೆಯಲ್ಪಟ್ಟು ಹೈದರಾಬಾದಿನ ದಫ್ತರಗಳಿಗೆ ಸೇರಿದವಾಗಿದ್ದರೆ, ಅವನು ನೆಲೆ ನಿಂತ ಊರಿನ ಕಾಗದಗಳು ಮುಂಬಯಿ ಪ್ರಾಂತದ ಆಡಳಿತಕ್ಕೆ ಸಂಬಂಧಿಸಿದವು. ಅವನು ಅರ್ಜಿ ಕೊಡಬೇಕಾದ ಸರ್ಕಾರವು ಬೆಂಗಳೂರಿನಲ್ಲಿ. ತೀರ್ಮಾನ ಮಾಡುವ ಗೃಹ ಮಂತ್ರಾಲಯವು ದಿಲ್ಲಿಯಲ್ಲಿ.

ಸ್ವಾತಂತ್ರ್ಯದ ಬೆಳ್ಳಿಹಬ್ಬದ ಅಂಗವಾಗಿ 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರವು ಸ್ವಾತಂತ್ರ್ಯಯೋಧರ ಮಾಸಾಶನದ ಯೋಜನೆಯನ್ನು ಜಾರಿಗೆ ತಂದಿತು. ಆಗ ಯೋಧನಿಗೆ ಸಲ್ಲುತ್ತಿದ್ದುದು ತಿಂಗಳಿಗೆ 200 ರೂಪಾಯಿ. ವರ್ಷಕ್ಕೆ 5,000 ರೂಪಾಯಿಗೆ ಮೀರಿದ ಆದಾಯವುಳ್ಳವರಿಗೆ ಅದು ಇರಲಿಲ್ಲ. 1980ರ ಆಗಸ್ಟ್‌ನಿಂದ ಯೋಜನೆಯನ್ನು ಸ್ವತಂತ್ರತಾ ಸೈನಿಕ ಸಮ್ಮಾನ ಪಿಂಚಣಿಯೆಂದು ಕರೆದು, ಆದಾಯದ ಮಿತಿಯನ್ನು ತೆಗೆದುಹಾಕಿದರು. ಇದರಿಂದ ಬಡವನಿಗೆ ಕೊಡುವ ಸಹಾಯವೆಂಬ ಭಾವವು ಹೋಗಿ, ದೇಶವು ಸಲ್ಲಿಸುವ ಗೌರವವೆಂಬ ಭಾವವು ನಿಂತಿತು. ರಾಜ್ಯ ಸರ್ಕಾರವು ಇದಕ್ಕೂ ಮೊದಲೇ, 1969ರಲ್ಲಿ, ತನ್ನದೇ ಆದ ನಿಯಮಗಳನ್ನು ಮಾಡಿತ್ತು.

ಕೇಂದ್ರದ ಯೋಜನೆಯ ಮೂಲಮಾನದಂಡ ಕಾರಾಗೃಹ. ಕನಿಷ್ಠ ಆರು ತಿಂಗಳ ಸೆರೆವಾಸ, ಸ್ತ್ರೀಯರಿಗೂ ಪರಿಶಿಷ್ಟರಿಗೂ ಮೂರು ತಿಂಗಳು. ಅದಿಲ್ಲವಾದರೆ ಆರು ತಿಂಗಳಿಗೂ ಮೀರಿದ ಭೂಗತಜೀವನ, ಅದೂ ಸರ್ಕಾರವು ತಪ್ಪಿಸಿಕೊಂಡವನೆಂದು ಘೋಷಿಸಿದ್ದರೆ, ತಲೆಗೆ ಬಹುಮಾನ ಕಟ್ಟಿದ್ದರೆ, ಅಥವಾ ಬಂಧನದ ಆಜ್ಞೆ ಹೊರಡಿಸಿದ್ದರೆ. ಆಸ್ತಿಯ ಮುಟ್ಟುಗೋಲು, ಗುಂಡೇಟಿನಿಂದ ಶಾಶ್ವತ ಅಂಗವೈಕಲ್ಯ, ಸರ್ಕಾರಿ ನೌಕರಿಯ ನಷ್ಟ, ಹತ್ತು ಛಡಿಯೇಟುಗಳ ಶಿಕ್ಷೆ ಮುಂತಾದುವು ಉಳಿದ ಆಧಾರಗಳು. ಬ್ರಿಟಿಷರ ಎದುರು ಸತ್ಯಾಗ್ರಹ ಮಾಡಿ ತಾನಾಗಿಯೇ ಸೆರೆಗೆ ಹೋದವನ ಮಟ್ಟಿಗೆ ಈ ಅಳತೆ ನ್ಯಾಯವಾದುದೇ. ಅವನ ಕಾರ್ಯಕ್ಕೆ ಸೆರೆಮನೆಯ ರಿಜಿಸ್ಟರೇ ಸಾಕ್ಷಿ. ಗಜೇಂದ್ರಗಡದ ಶಿಬಿರಾರ್ಥಿಯ ಸ್ಥಿತಿ ಇದಕ್ಕೆ ವಿಪರೀತವಾದುದು. ತನ್ನನ್ನು ಹಿಡಿದು ಬಂಧಿಸಿದ ಶತ್ರುವಿನ ಬರೆಹವು ಇದ್ದರೆ ಮಾತ್ರ ಯೋಧನು ಯೋಧನೆನಿಸುವನೆಂದಾದರೆ, ಶತ್ರುವಿನ ಕೈಗೆ ಸಿಗದಷ್ಟು ಸಮರ್ಥನಾಗಿದ್ದವನ ಗತಿಯೇನು? ಈ ನಿಯಮಗಳನ್ನು ಮಾಡಿದವರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಅವರ ಕಣ್ಣ ಮುಂದೆ ಇದ್ದುದು ಸತ್ಯಾಗ್ರಹಿಯ ಚಿತ್ರವೇ ಹೊರತು ಗಡಿಯ ಯೋಧನ ಚಿತ್ರವಲ್ಲವೆಂಬುದು ನಿಸ್ಸಂಶಯ.

ಮೇಲಾಗಿ ಹೈದರಾಬಾದಿನ ವಿಮೋಚನೆ ನಡೆದುದು 1947ರ ಆಗಸ್ಟ್ 15ರ ತರುವಾಯ. ದೇಶವು ಸ್ವತಂತ್ರವಾದ ಮೇಲೆ ನಡೆದ ಹೋರಾಟವು ಸ್ವಾತಂತ್ರ್ಯಸಂಗ್ರಾಮದಲ್ಲಿ ಸೇರುವುದೇ ಎಂಬ ಆಕ್ಷೇಪಕ್ಕೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. ಎಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರವು ಈ ಚಳವಳಿಯನ್ನು ಮಾಸಾಶನಕ್ಕೆ ಅರ್ಹವೆಂದು ಅಂಗೀಕರಿಸಿ, ಗಡಿಶಿಬಿರದ ವಾಸವನ್ನು ಭೂಗತಜೀವನದಂತೆ ಪರಿಗಣಿಸಲು ಒಪ್ಪಿತು; ಅರ್ಜಿಗಳನ್ನು ಶೋಧಿಸಲು ವಿಶೇಷ ಸಮಿತಿಯೊಂದನ್ನು ನೇಮಿಸಿತು; ಮಾನ್ಯಮಾಡಿದ ಶಿಬಿರಗಳ ಪಟ್ಟಿಯನ್ನು ಸಿದ್ಧಪಡಿಸಿತು. ಮೊದಲ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಇನ್ನೂ 18 ಶಿಬಿರಗಳನ್ನು ಬಹುಕಾಲದ ಮೇಲೆ ಸೇರಿಸಿಕೊಂಡರು. ಒಂದು ಶಿಬಿರವು ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿದ್ದವರೆಲ್ಲರ ಅರ್ಜಿಗಳೂ ಒಟ್ಟಿಗೆ ನಿಂತುಹೋಗುತ್ತಿದ್ದುವೆಂಬುದನ್ನು ನೆನೆದರೆ, ಆ ಸೇರ್ಪಡೆಗಾಗಿ ಕಾದವರ ವಯಸ್ಸನ್ನೂ ನೆನೆಯಬೇಕಾಗುತ್ತದೆ.

ಶಿಬಿರವು ಮಾನ್ಯವಾಯಿತು, ಆದರೆ ಅಲ್ಲಿ ಇದ್ದವರಾರು ಎಂಬುದನ್ನು ರುಜುವಾತುಪಡಿಸುವುದು ಹೇಗೆ? ಸರ್ಕಾರಿ ದಾಖಲೆಯಿದ್ದರೆ ಅದನ್ನೇ ಕೊಡಬೇಕು. ಇಲ್ಲದಿದ್ದರೆ ದಾಖಲೆ ದೊರೆಯುವುದಿಲ್ಲವೆಂದು ರಾಜ್ಯ ಸರ್ಕಾರವು ಪ್ರಮಾಣಪತ್ರ ಕೊಡಬೇಕು, ಅದರ ಜೊತೆಗೆ ಸ್ವತಃ ಸೆರೆವಾಸವನ್ನು ಅನುಭವಿಸಿದ ಹಿರಿಯ ಯೋಧನೊಬ್ಬನು, ಈತನು ಇಂಥ ಶಿಬಿರದಲ್ಲಿ ಇಂಥ ಅವಧಿಯಲ್ಲಿ ಇದ್ದನೆಂದು ಬರೆದುಕೊಡಬೇಕು. ಶಿಬಿರಾಧಿಪತಿಯ ರುಜುವಿಗೆ ಇಲ್ಲಿ ಅಪಾರವಾದ ಬೆಲೆ ಬಂದಿತು. ಆದರೆ ಶಿಬಿರಾಧಿಪತಿಗಳೂ ಮನುಷ್ಯರೇ. ಅವರು ಶಿಬಿರಾರ್ಥಿಗಳಿಗಿಂತ ವಯಸ್ಸಿನಲ್ಲಿ ಹಿರಿಯರು. ಅವರ ಮರಣದೊಡನೆ ನೂರಾರು ಜನರ ಸಾಕ್ಷ್ಯವೂ ನಷ್ಟವಾಗುತ್ತಿತ್ತು. ಅರ್ಜಿಯ ಮೇಲೆ ರಾಜ್ಯದ ಪರಿಶೀಲನಾ ವರದಿಯೂ ಅಗತ್ಯ. 1997ರಲ್ಲಿ ಗದಗ, ಕೊಪ್ಪಳ ಜಿಲ್ಲೆಗಳು ರಚಿತವಾಗುವವರೆಗೂ ಗಜೇಂದ್ರಗಡದವನ ಜಿಲ್ಲಾಕೇಂದ್ರ ಧಾರವಾಡ, ಕುಷ್ಟಗಿಯವನದು ರಾಯಚೂರು. ಒಂದೇ ರಾತ್ರಿ ಒಂದೇ ನಾಕೆಯ ಮೇಲೆ ಎರಗಿದ ಇಬ್ಬರು ಗೆಳೆಯರ ಸೇವೆಯನ್ನು ಎರಡು ಜಿಲ್ಲೆಗಳ ಅಧಿಕಾರಿಗಳು ಬೇರೆ ಬೇರೆಯಾಗಿ ಪರೀಕ್ಷಿಸುವ ಈ ವ್ಯವಸ್ಥೆಯಲ್ಲಿ, ಒಬ್ಬನಿಗೆ ದೊರೆತುದು ಇನ್ನೊಬ್ಬನಿಗೆ ದೊರೆಯದಿರಲು ಸಾಕಷ್ಟು ಅವಕಾಶವಿತ್ತು.

ಅವಧಿಯ ಪ್ರಶ್ನೆಯೂ ಲಘುವಾದುದಲ್ಲ. ಆರು ತಿಂಗಳೆಂಬ ಮಿತಿಯನ್ನು ಅಕ್ಷರಶಃ ಹಿಡಿದರೆ, 1948ರ ಮಾರ್ಚ್ ಮಧ್ಯದ ಬಳಿಕ ಶಿಬಿರವನ್ನು ಸೇರಿದವನಿಗೆ ಸೆಪ್ಟೆಂಬರ್ 17ರೊಳಗೆ ಆರು ತಿಂಗಳು ತುಂಬುವುದೇ ಇಲ್ಲ. ರಜಾಕಾರರ ಹಾವಳಿ ಅತ್ಯುಗ್ರವಾಗಿದ್ದುದು ಆ ಬೇಸಗೆ ಮಳೆಗಾಲಗಳಲ್ಲಿ. ಊರು ಸುಟ್ಟುಹೋಗಿ ಬೀದಿಗೆ ಬಿದ್ದ ಯುವಕನು ಬಂದೂಕು ಹಿಡಿಯಲು ಹೊರಟುದೂ ಆಗಲೇ. ಯುದ್ಧದ ಅತಿ ಕಠಿಣವಾದ ಭಾಗದಲ್ಲಿ ಸೇರಿದವನು ಯುದ್ಧವು ಬೇಗ ಮುಗಿಯಿತೆಂಬ ಕಾರಣದಿಂದ ಅನರ್ಹನಾಗುವುದು ನನಗೆ ಯಾವ ತರ್ಕದಿಂದಲೂ ಸಮಂಜಸವೆಂದು ತೋರುವುದಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಕಚೇರಿಗಳಿಗಿಂತ ಉದಾರವಾಗಿ ವರ್ತಿಸಿದವು. 1938–39ರಲ್ಲಿ ಆರ್ಯಸಮಾಜವು ಹೈದರಾಬಾದಿನಲ್ಲಿ ನಡೆಸಿದ ಸತ್ಯಾಗ್ರಹದಲ್ಲಿ ಭಾಗವಹಿಸಿದವರ ಪರವಾಗಿ ಬಂದ ಮುಕುಂದಲಾಲ್ ಭಂಡಾರಿ ಪ್ರಕರಣದಲ್ಲಿ, 1993ರಲ್ಲಿ, ಸುಪ್ರೀಂ ಕೋರ್ಟು ಅರ್ಜಿ ತಡವಾಗಿ ಬಂದಿತೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಕೂಡದೆಂದು ವಿಧಿಸಿ, ಅರ್ಹನಾದವನಿಗೆ ಅರ್ಜಿ ತಲುಪಿದ ದಿನದಿಂದ ಮಾಸಾಶನ ಸಲ್ಲಬೇಕೆಂದು ತೀರ್ಪಿತ್ತಿತು. 2001ರ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ, ಇಂಥ ಅರ್ಜಿಗಳನ್ನು ಅಪರಾಧದ ಮೊಕದ್ದಮೆಯಲ್ಲಿ ಬೇಕಾಗುವಂಥ ನಿಸ್ಸಂದೇಹವಾದ ರುಜುವಾತಿನಿಂದ ಅಳೆಯಬಾರದು, ಸಂಭಾವ್ಯತೆಯ ತಕ್ಕಡಿಯಲ್ಲಿ ತೂಗಬೇಕು ಎಂದಿತು. ಪತ್ರವಿಲ್ಲದ ಯೋಧನ ಮಟ್ಟಿಗೆ ಇದು ಅತ್ಯಂತ ಮಹತ್ತ್ವದ ಮಾತು.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಪತ್ರದ ಬದಲು ಸಾಕ್ಷಿಯ ಮಾತನ್ನು ನಂಬುವುದಾದರೆ ಸುಳ್ಳು ಸಾಕ್ಷಿಗೂ ದಾರಿ ತೆರೆಯುತ್ತದೆ. ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಹುಸಿ ಪ್ರಮಾಣಪತ್ರಗಳಿಂದ ಮಾಸಾಶನ ಪಡೆದವರ ಬಗ್ಗೆ ದೂರುಗಳು ಹುಟ್ಟಿ, ತನಿಖೆ ನಡೆದು, 2005ರಲ್ಲಿ ಸುಪ್ರೀಂ ಕೋರ್ಟೇ ಅಂಥ ವಂಚನೆಯನ್ನು ಕಠಿಣವಾಗಿ ಖಂಡಿಸಿತು. ಹುಟ್ಟಿದ ವರ್ಷವನ್ನು ನೋಡಿದರೆ 1948ರಲ್ಲಿ ಮಗುವಾಗಿದ್ದವನು ಯೋಧನೆಂದು ಹೇಳಿಕೊಂಡರೆ ಅಧಿಕಾರಿಯು ಸಂಶಯಿಸುವುದು ಅವನ ಕರ್ತವ್ಯವೇ ಆಗಿದೆ. ಆದರೆ ಆ ಸಂಶಯದ ದಂಡವನ್ನು ನಿಜವಾದ ಯೋಧನು ತೆರಬೇಕಾಗಿ ಬಂದುದು ದುಃಖಕರ. ಸಂಶಯವನ್ನು ನಿವಾರಿಸುವ ಮಾರ್ಗಗಳು ಇಲ್ಲದಿಲ್ಲ. ಶಿಬಿರದ ಊರಿಗೆ ಹೋಗಿ ಕೇಳುವುದು, ಎರಗಿದ ನಾಕೆಯಿದ್ದ ಹಳ್ಳಿಯ ಹಿರಿಯರ ಹೇಳಿಕೆಯನ್ನು ಅರ್ಜಿದಾರನ ಹೇಳಿಕೆಯೊಡನೆ ತಾಳೆ ನೋಡುವುದು, ರಾಯಚೂರು ಜಿಲ್ಲೆಯ ಹಳೆಯ ಉರ್ದು ವಾರಂಟುಗಳನ್ನು ಉರ್ದು ಬಲ್ಲವರಿಂದ ಓದಿಸುವುದು ಇವು ಶ್ರಮಸಾಧ್ಯವಾದರೂ ಅಸಾಧ್ಯವಾದ ಕಾರ್ಯಗಳಲ್ಲ. ಹಳ್ಳದ ಯಾವ ದಡದಲ್ಲಿ ಅಡಗಿದ್ದೆವು, ಅಂದು ಬೆಳದಿಂಗಳಿತ್ತೇ, ನಾಕೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂಬಂಥ ಸಂಗತಿಗಳನ್ನು ನಾಲ್ಕಾರು ಜನರ ಬಾಯಿಂದ ಪ್ರತ್ಯೇಕವಾಗಿ ಕೇಳಿದರೆ, ಅಲ್ಲಿದ್ದವನಾರು ಇಲ್ಲದವನಾರು ಎಂಬುದು ವಿವೇಕಿಯಾದ ಅಧಿಕಾರಿಗೆ ತಿಳಿಯದೆ ಹೋಗಲಾರದು. ಇನಾಂ ಆಯೋಗವು ಅಂದು ಇಂಥ ಶ್ರಮವನ್ನು ಪಡದೆ ಪತ್ರವನ್ನು ಮಾತ್ರ ಕೇಳಿತು. ಅದರ ಫಲವನ್ನು ನರಗುಂದದ ಸೀಮೆ ಕಂಡಿದೆ.

ಸೆಪ್ಟೆಂಬರ್ 17ನ್ನು ಇಂದು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಉತ್ಸವವಾಗಿ ಆಚರಿಸುತ್ತವೆ. ಗದಗ ಜಿಲ್ಲೆಯು ಆ ಪ್ರದೇಶದೊಳಗೆ ಸೇರಿಲ್ಲ. ವಿಮೋಚನೆಗೊಂಡ ಊರುಗಳು ಕೊಪ್ಪಳದಲ್ಲಿ, ವಿಮೋಚಕರು ಹೊರಟ ಊರುಗಳು ಗದಗದಲ್ಲಿ ಆದುದರಿಂದ ಗಜೇಂದ್ರಗಡ, ಮುಂಡರಗಿಗಳ ಪಾಲು ಶಾಲೆಯ ಪಾಠಗಳಲ್ಲಿಯೂ ಸಮಾರಂಭಗಳ ಭಾಷಣಗಳಲ್ಲಿಯೂ ಕಿರಿದಾಗುತ್ತ ಬಂದಿದೆ. ರೋಣ, ನರಗುಂದ, ಗಜೇಂದ್ರಗಡಗಳ ಶಾಲಾಶಿಕ್ಷಕರು ತಮ್ಮ ವಿದ್ಯಾರ್ಥಿಗಳನ್ನು ಮನೆಮನೆಗೆ ಕಳುಹಿಸಿ ಅಜ್ಜಿಯಂದಿರು ಹೇಳುವುದನ್ನು ಬರೆಯಿಸಿಕೊಂಡರೆ, ಸರ್ಕಾರದ ದಫ್ತರಗಳಲ್ಲಿಲ್ಲದ ಎಷ್ಟೋ ಸಂಗತಿಗಳು ದೊರೆಯುವುವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಏಕೆಂದರೆ ಈಗ ಉಳಿದಿರುವ ಹಕ್ಕುಗಳು ಹೆಚ್ಚಾಗಿ ಹೆಣ್ಣುಮಕ್ಕಳವೇ. ಯೋಧನು ತೀರಿಕೊಂಡರೆ ಮಾಸಾಶನವು ಅವನ ಪತ್ನಿಗೆ, ಆಕೆಯ ತರುವಾಯ ಅವಿವಾಹಿತೆಯರೂ ನಿರುದ್ಯೋಗಿಗಳೂ ಆದ ಪುತ್ರಿಯರಿಗೆ ಸಲ್ಲುತ್ತದೆ. ಗಂಡನಿಗೆ ಮಾಸಾಶನ ಮಂಜೂರಾಗಿದ್ದರೆ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು ಸುಲಭ. ಗಂಡನ ಅರ್ಜಿ ತೀರ್ಮಾನವಾಗದೆ ಉಳಿದಿದ್ದರೆ, ತಾನು ಮದುವೆಯಾಗಿ ಬರುವುದಕ್ಕೂ ಮೊದಲೇ ನಡೆದುಹೋದ ಯುದ್ಧವನ್ನು, ತಾನು ಕಾಲಿಡದ ಶಿಬಿರವನ್ನು ಕುರಿತು ವೃದ್ಧೆಯೊಬ್ಬಳು ಪುರಾವೆ ಒದಗಿಸಬೇಕಾಗುತ್ತದೆ. ಅವಳ ಬಳಿ ಇರುವುದು ಗಂಡನು ಜೀವಂತನಾಗಿದ್ದಾಗ ಕೊಟ್ಟ ಅರ್ಜಿಯ ಪ್ರತಿ, ಶಿಬಿರಾಧಿಪತಿಯ ಅಥವಾ ಸಹಶಿಬಿರಾರ್ಥಿಯ ಪತ್ರ, ಕಚೇರಿಯಿಂದ ಬಂದ ಉತ್ತರಗಳು. ಅಂಥ ಕಾಗದಗಳು ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ಅವುಗಳನ್ನು ಹೊರತೆಗೆದು, ಅರ್ಜಿ ತಲುಪಿದ ದಿನಾಂಕವುಳ್ಳ ಸ್ವೀಕೃತಿಯನ್ನು ಮೊಟ್ಟಮೊದಲು ಬೇರೆಯಾಗಿ ಇರಿಸಿಕೊಳ್ಳಬೇಕು. ಬಾಕಿಯ ಲೆಕ್ಕವು ಆ ದಿನದಿಂದಲೇ ಪ್ರಾರಂಭವಾಗಬೇಕೆಂಬುದು 1993ರ ತೀರ್ಪಿನ ಅಭಿಪ್ರಾಯ.